ಯಾವ ಪಿಚ್ಚರ್ ಹಾಡಿದು?

ಲಂಡನ್ನಿನ ರಾಜ್ಯೋತ್ಸವ ಕಾರ್ಯಕ್ರಮವೊಂದರಲ್ಲಿ ಇಬ್ಬರು ಹುಡುಗಿಯರು ತಾವೇ ಬರೆದು ತಾವೇ ರಾಗ ಹಾಕಿದ ಹಾಡು ಹಾಡಿದರು. ಒಂದು ಗಿಟಾರು, ಕೂತು ಬಡಿಯುವ ಪೆಟ್ಟಿಗೆಯಂಥ ಒಂದು ಕಹೋನ್, ಎರಡು ಕಂಠ, ಅಷ್ಟೇ. ವೇದಿಕೆ ಇಳಿದು ಬಂದ ಕೂಡಲೇ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ ಕೇಳಿದರು: "ತುಂಬಾ ಚೆನ್ನಾಗಿತ್ತು ಪುಟ್ಟಾ, ಯಾವ ಪಿಚ್ಚರ್ ಹಾಡಿದು?" ಹುಡುಗಿ ನಕ್ಕು ಸುಮ್ಮನಾದಳು. ಕೇಳಿಸಿಕೊಂಡ ನನಗೆ ಮಾತ್ರ ಚುರುಕ್ ಎಂದಿತು.

ಹಿರಿಯರನ್ನು ಬೈದು ಪ್ರಯೋಜನವಿಲ್ಲ. ಸಿನಿಮಾದ ಹಂಗಿಲ್ಲದೆ ಹೊಸ ಹಾಡು ಹುಟ್ಟಬಹುದು, ಅದನ್ನು ಬರೆದವರು ಅದರಿಂದಲೇ ಅನ್ನ ತಿನ್ನಬಹುದು ಎಂಬುದನ್ನು ನಾವು ಮರೆತು ಬಹಳ ಕಾಲವಾಯಿತು. ಒಂದು ಕಾಲದಲ್ಲಿ ಇದು ನಮಗೆ ಗೊತ್ತಿತ್ತು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ಮಂಡಳಿಗಳಲ್ಲಿ ಬರೆಯುವ ಕವಿ, ಕಾಲು ಹಾರ್ಮೋನಿಯಂ ಮಾಸ್ತರು, ಹಾಡುವ ನಟ ಎಲ್ಲರೂ ಒಂದೇ ಬಿಡಾರದಲ್ಲಿರುತ್ತಿದ್ದರು. 1934ರಲ್ಲಿ ಕನ್ನಡದ ಮೊದಲ ಟಾಕಿ ಬಂದಾಗ ಅದಕ್ಕೆ ಹಾಡು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕ ಬರೆದುಕೊಡುತ್ತಿದ್ದವರೇ. ಹಾಡು ಕಟ್ಟುವ ಕಸುಬು ರಂಗದಿಂದ ತೆರೆಗೆ ಗುಳೆ ಹೋಯಿತು, ಸಂಬಳವೂ ಅದರ ಹಿಂದೆಯೇ ಹೋಯಿತು. ರಂಗದಲ್ಲಿ ಉಳಿದದ್ದು ಹವ್ಯಾಸ.

ಇಲ್ಲಿ ನೋಡಿ. 2019ರಲ್ಲಿ ಲಂಡನ್ನಿನ ನ್ಯೂ ಡಯೊರಾಮಾ ಎಂಬ ಎಂಬತ್ತು ಸೀಟಿನ ರಂಗಮಂದಿರದಲ್ಲಿ 'ಆಪರೇಷನ್ ಮಿನ್ಸ್‌ಮೀಟ್' ಎಂಬ ಹೊಸ ಮ್ಯೂಸಿಕಲ್, ಅಂದರೆ ಹಾಡಿನಲ್ಲೇ ಕಥೆ ನಡೆಸುವ ನಾಟಕ, ಶುರುವಾಯಿತು. ಬರೆದವರು ನಾಲ್ವರು, ಅವರಲ್ಲಿ ಮೂವರು ತಾವೇ ವೇದಿಕೆಯ ಮೇಲೆ. ಐದೇ ಜನ ಸೇರಿ ಎಲ್ಲ ಪಾತ್ರ ಮಾಡಿದರು. ಅಲ್ಲಿಂದ ಸದರ್ಕ್ ಪ್ಲೇಹೌಸ್, ಆಮೇಲೆ ರಿವರ್‌ಸೈಡ್ ಸ್ಟುಡಿಯೋಸ್, 2023ಕ್ಕೆ ಲಂಡನ್ನಿನ ದೊಡ್ಡ ರಂಗಮಂದಿರಗಳ ಕೇರಿಯಾದ ವೆಸ್ಟ್ ಎಂಡ್, 2024ಕ್ಕೆ ಇಲ್ಲಿಯ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯೆ ಪ್ರಶಸ್ತಿ, 2025ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇ. ಅದಕ್ಕೂ ಮೊದಲು ಇಬ್ಬರು ಕೇಂಬ್ರಿಡ್ಜ್ ವಿದ್ಯಾರ್ಥಿಗಳು ಬರೆದ 'ಸಿಕ್ಸ್' 2017ರಲ್ಲಿ ಎಡಿನ್‌ಬರೋ ಫ್ರಿಂಜ್ ಎಂಬ ಆಗಸ್ಟಿನ ರಂಗೋತ್ಸವದಲ್ಲಿ ಹುಟ್ಟಿತ್ತು. ಎಂಟನೇ ಹೆನ್ರಿಯ ಆರು ರಾಣಿಯರು ಪಾಪ್ ಗಾಯಕಿಯರಾಗಿ ನಿಂತು ಸರದಿಯಲ್ಲಿ ತಮ್ಮ ಕಥೆ ಹಾಡುತ್ತಾರೆ. 2018ರಲ್ಲಿ ಹಾಡುಗಳ ಆಲ್ಬಂ ಹೊರಬಂತು, 2019ರಲ್ಲಿ ವೆಸ್ಟ್ ಎಂಡಿಗೆ ಹೋಯಿತು. ಆಲ್ಬಂ ಮೊದಲು, ದೊಡ್ಡ ರಂಗಮಂದಿರ ಆಮೇಲೆ: ಈ ಕ್ರಮ ಗಮನಿಸಬೇಕು. ಪಾಪ್ ಕೇಳುವ ಹುಡುಗ ಹುಡುಗಿಯರು ಹಾಡನ್ನು ಬಾಯಿಪಾಠ ಮಾಡಿಕೊಂಡೇ ಟಿಕೆಟ್ ತೆಗೆಸುತ್ತಾರೆ.

ಇದನ್ನೆಲ್ಲ ಪ್ರತಿಭೆ, ಅದೃಷ್ಟ ಎಂದು ತಳ್ಳಿಹಾಕುವುದು ಸುಲಭ. ಪ್ರತಿಭೆ ಧಾರವಾಡದಲ್ಲಿಲ್ಲವೇ, ಹೆಗ್ಗೋಡಿನಲ್ಲಿಲ್ಲವೇ? ವ್ಯತ್ಯಾಸ ಇರುವುದು ಕಾಗದದಲ್ಲಿ ಎಂಬುದು ನನ್ನ ವಾದ. ಇಲ್ಲಿ ಹಾಡಿಗೆ ಹುಟ್ಟಿದ ದಿನದಿಂದ ಒಂದು ಫೈಲ್ ಇರುತ್ತದೆ. ನಮ್ಮಲ್ಲಿ ಹಾಡು ಯಾರದೋ ನೆನಪಿನಲ್ಲಿರುತ್ತದೆ.

ಫೈಲಿನಲ್ಲಿ ಏನಿರುತ್ತದೆ? ಸಾಹಿತ್ಯದ ಹಾಳೆ, ಅದರ ಮೂಲೆಯಲ್ಲಿ ತಾರೀಖು ಮತ್ತು ಎಷ್ಟನೇ ಕರಡು ಎಂಬ ಸಂಖ್ಯೆ. ಪಿಯಾನೊ ಮತ್ತು ಕಂಠದ ಸ್ವರಲಿಪಿ, ತಾಳದ ಪ್ರತಿ ಆವರ್ತಕ್ಕೂ ನಂಬರು. ನಿರ್ದೇಶಕ "ಮೂವತ್ತೆರಡರಿಂದ ಹೋಗೋಣ" ಅಂದರೆ ಇಡೀ ತಂಡ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಯಾವ ಮಾತಿನ ಯಾವ ಪದಕ್ಕೆ ವಾದ್ಯ ಶುರುವಾಗಬೇಕು ಎಂಬ ಗುರುತು. ನಟ ಕುರ್ಚಿ ಸರಿಸಿ ಬರುವವರೆಗೆ ಸುತ್ತಿಸುತ್ತಲೇ ಇರಬೇಕಾದ ಎರಡು ಆವರ್ತ, ಅದಕ್ಕೆ ಇಲ್ಲಿ ವ್ಯಾಂಪ್ ಅನ್ನುತ್ತಾರೆ. ಹಾಡು ಮುಗಿದು ಚಪ್ಪಾಳೆ ಬೀಳಲೆಂದು ಕೊನೆಗೊಂದು ಗಟ್ಟಿ ಮುಕ್ತಾಯ. ಮುಕ್ತಾಯ ಮೆತ್ತಗಾದರೆ ಜನ ಹಾಡು ಮುಗಿಯಿತೋ ಇಲ್ಲವೋ ಎಂದು ಅನುಮಾನಿಸಿ ಕೈ ಕಟ್ಟಿ ಕೂರುತ್ತಾರೆ, ಮುಂದಿನ ದೃಶ್ಯ ಸಪ್ಪೆಯಾಗಿ ಶುರುವಾಗುತ್ತದೆ.

ಇಷ್ಟು ಕಾಗದ ಇದ್ದರೇ ಹಾಡನ್ನು ಮುರಿದು ಕಟ್ಟಲು ಆಗುವುದು. ಮೊದಲು ಪಿಯಾನೊ ಒಂದೇ ಇಟ್ಟುಕೊಂಡು ಕೂತು ಓದುತ್ತಾರೆ. ಆಮೇಲೆ ಸ್ಟ್ಯಾಂಡಿನ ಮೇಲೆ ಹಾಳೆ ಇಟ್ಟು ನಿಂತು ಹಾಡಿ ಓದುತ್ತಾರೆ. ನ್ಯೂಯಾರ್ಕಿನಲ್ಲಿ ಇಂಥ ಓದಿಗೆ ನಟರ ಸಂಘದ ನಿಯಮವೇ ಇದೆ: ತಾಲೀಮು, ಪ್ರದರ್ಶನ ಎಲ್ಲ ಸೇರಿ 29 ಗಂಟೆ ಮೀರುವಂತಿಲ್ಲ, ಸೆಟ್ಟಿಲ್ಲ, ವೇಷವಿಲ್ಲ. ಲಂಡನ್ನಿನಲ್ಲಿ ಸ್ಕ್ರ್ಯಾಚ್ ನೈಟ್ ಅಂತ ಮಾಡಿ, ಕಡಿಮೆ ಟಿಕೆಟ್ಟಿಗೆ ಅರ್ಧಂಬರ್ಧ ಬೆಂದದ್ದನ್ನೇ ಜನರ ಮುಂದಿಟ್ಟು ಎಲ್ಲಿ ಕೆಮ್ಮು ಬರುತ್ತದೆ, ಎಲ್ಲಿ ಮೊಬೈಲು ಬೆಳಗುತ್ತದೆ ಎಂದು ನೋಡುತ್ತಾರೆ. ಆಮೇಲೆ ಕತ್ತರಿ. ಹಾಡನ್ನು ತೆಗೆದು ಮುಂದಿನ ದೃಶ್ಯ ಓದಿ, ಏನೂ ಕೊರತೆ ಕಾಣದಿದ್ದರೆ ಆ ಹಾಡು ಬೇಡ. ಹೀಗೆ ಹೋಗುವುದು ಸಾಮಾನ್ಯವಾಗಿ ಎಲ್ಲರಿಗೂ ಇಷ್ಟವಾದ ರಾಗವೇ. ಏಕೆಂದರೆ ಪಾಪ್ ಹಾಡು ಒಂದೇ ಭಾವದಲ್ಲಿ ಮೂರು ನಿಮಿಷ ಸುಖವಾಗಿ ನಿಲ್ಲಬಹುದು, ರಂಗದ ಹಾಡು ನಿಲ್ಲುವಂತಿಲ್ಲ. ಹಾಡು ಮುಗಿಯುವಷ್ಟರಲ್ಲಿ ಪಾತ್ರ ಏನಾದರೊಂದು ತೀರ್ಮಾನಕ್ಕೆ ಬಂದಿರಬೇಕು. ಪಲ್ಲವಿ ಮೂರನೇ ಸಲ ಬಂದಾಗ ಅದೇ ಪದಗಳು ಬೇರೆ ಅರ್ಥ ಕೊಡಬೇಕು.

ನಮ್ಮಲ್ಲಿ? ತಿಂಗಳ ತಾಲೀಮು, ಆಫೀಸು ಮುಗಿಸಿ ಸಂಜೆ ಆರೂವರೆಗೆ ಶುರು. ಸಂಗೀತದವರು ಬಹುಪಾಲು ಕೊನೆಯ ವಾರ ಬರುತ್ತಾರೆ. ಒಮ್ಮೆ ಕೂತ ರಾಗವನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲು ಸಮಯವೂ ಇರುವುದಿಲ್ಲ. ಎರಡು ಮೂರು ಪ್ರದರ್ಶನ, ಹಾರ, ಫೋಟೋ, ಮುಗಿಯಿತು. ಐದು ವರ್ಷದ ಮೇಲೆ ಶಿವಮೊಗ್ಗದ ಇನ್ನೊಂದು ತಂಡ ಅದೇ ನಾಟಕ ಎತ್ತಿಕೊಂಡರೆ ಹಳೆ ತಂಡದಲ್ಲಿ ಹಾಡಿದವರ ಫೋನ್ ನಂಬರು ಹುಡುಕಬೇಕು. ಬಿ.ವಿ. ಕಾರಂತರ ರಂಗಗೀತೆಗಳನ್ನು ಇವತ್ತಿಗೂ ನೂರಾರು ಜನ ಹಾಡುತ್ತಾರೆ, ಆದರೆ ಹೆಚ್ಚಿನವರು ಕಲಿತದ್ದು ಬಾಯಿಂದ ಬಾಯಿಗೆ. ಇಷ್ಟು ದೊಡ್ಡ ಸಂಗೀತಗಾರನ ಹಾಡೇ ಹೀಗೆ ಬದುಕಬೇಕಾದರೆ ನೆನ್ನೆ ಮೊನ್ನೆ ಬರೆಯಲು ಶುರು ಮಾಡಿದವರ ಪಾಡೇನು?

ಕಾಗದದ ಇನ್ನೊಂದು ತುದಿ ದುಡ್ಡು. ಇಲ್ಲಿ ಕಥೆ-ಸಂಭಾಷಣೆ, ಸಂಗೀತ, ಸಾಹಿತ್ಯ ಮೂರೂ ಬೇರೆ ಬೇರೆ ಹಕ್ಕು, ರೂಢಿಯ ಪಾಲು ಮೂರನೇ ಒಂದು. ಬ್ರಾಡ್‌ವೇಯ ಹಳೆಯ ಮಾದರಿ ಒಪ್ಪಂದದಲ್ಲಿ ಬರಹಗಾರರೆಲ್ಲ ಸೇರಿ ಗಲ್ಲಾಪೆಟ್ಟಿಗೆಯ ಶೇ. 4.5, ಹೂಡಿದ ಹಣ ವಾಪಸಾದ ಮೇಲೆ ಶೇ. 6. ಪಾಲಿನ ಕಾಗದಕ್ಕೆ ಮೊದಲ ಓದಿಗೆ ಮುಂಚೆಯೇ ಸಹಿ ಬೀಳಬೇಕು. ಯಶಸ್ಸು ಬಂದ ಮೇಲೆ ಕೂತರೆ ಸ್ನೇಹ ಮುರಿಯುತ್ತದೆ, ಅಷ್ಟೇ. ಜತೆಗೊಂದು ಕಲಮು: ಮೊದಲ ಸಂಭಾವನೆಯ ಪ್ರದರ್ಶನದವರೆಗೆ ಜಗಳವಾದರೆ ರಾಗ ರಾಗದವನಿಗೆ, ಮಾತು ಮಾತಿನವಳಿಗೆ ವಾಪಸ್. ಅದಾದ ಮೇಲೆ ಎಲ್ಲ ಸೇರಿ ಒಂದೇ ಕೃತಿ, ಯಾರೂ ತಮ್ಮ ಭಾಗ ಕಿತ್ತುಕೊಂಡು ಹೋಗುವಂತಿಲ್ಲ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ನಾಟಕದ ಒಂದು ಹಾಡನ್ನು ಬಿಡಿಯಾಗಿ ಗೋಷ್ಠಿಯಲ್ಲಿ ಹಾಡಿದರೆ, ರೇಡಿಯೋದಲ್ಲಿ ಬಂದರೆ ಪಿಆರ್‌ಎಸ್ ಎಂಬ ಸಂಘ ಹಣ ವಸೂಲಿ ಮಾಡಿ ಕೊಡುತ್ತದೆ. ಅದೇ ಹಾಡನ್ನು ಕಥೆಯೊಳಗೆ ವೇಷ ಹಾಕಿ ಆಡಿದರೆ ಅದು ಸಂಘದ ಕೆಲಸವಲ್ಲ, ಬರೆದವರ ಹತ್ತಿರವೇ ಅನುಮತಿ ಪಡೆಯಬೇಕು. ಪಾಪ್ ಬರೆದು ರೂಢಿಯಾದವರು ಇದು ಗೊತ್ತಿಲ್ಲದೆ ಎರಡನ್ನೂ ಒಟ್ಟಿಗೆ ಬರೆದುಕೊಟ್ಟುಬಿಡುತ್ತಾರೆ. ಭಾರತದಲ್ಲಿ ಕಾನೂನು ಇಲ್ಲವೆಂದಲ್ಲ. ಪಿಆರ್‌ಎಸ್‌ನಂಥದೇ ಸಂಘವಾದ ಐಪಿಆರ್‌ಎಸ್ 1969ರಿಂದ ಇದೆ. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಧ್ವನಿಮುದ್ರಿಕೆಯಲ್ಲಿ ಸೇರಿದ ಹಾಡಿಗೆ ಸಾಹಿತಿ, ಸಂಯೋಜಕರು ರಾಯಧನದ ಹಕ್ಕನ್ನು ಬಿಟ್ಟುಕೊಡುತ್ತೇನೆಂದರೂ ಆಗುವುದಿಲ್ಲ. ಆದರೆ ನಾಟಕದವರ ಹತ್ತಿರ ಯಾರು ಎಷ್ಟು ಬರೆದರು ಎಂಬ ಒಂದು ಹಾಳೆಯೂ ಇರುವುದಿಲ್ಲ. "ಅಯ್ಯೋ, ನಮ್ಮ ನಮ್ಮಲ್ಲಿ ಎಂಥ ಅಗ್ರಿಮೆಂಟು ಮಾರಾಯ!" ಈ ಒಂದು ಮಾತಿಗೆ ಎಷ್ಟು ಹಾಡು ಅನಾಥವಾಗಿವೆಯೋ.

ಬರೆಯುವ ಕಷ್ಟದಲ್ಲಂತೂ ಕನ್ನಡ ಹಿಂದೆ ಬಿದ್ದಿಲ್ಲ. ಇಂಗ್ಲಿಷಿನವರು ನಗೆಯ ಪದವನ್ನು ಸಾಲಿನ ತುದಿಗೆ ತರಲು ಹೆಣಗುತ್ತಾರೆ. ನಮ್ಮ ಕ್ರಿಯಾಪದ ತಾನಾಗಿಯೇ ಕೊನೆಗೆ ಬರುವುದರಿಂದ ಸಾಲು ಮುಗಿಯುವವರೆಗೆ ಕೇಳುಗ ಕಿವಿ ನಿಮಿರಿಸಿಕೊಂಡೇ ಇರಬೇಕು. ಅಪಾಯವೂ ಅಲ್ಲೇ ಇದೆ. ಬಂದನು-ನಿಂದನು ಎಂದು ಪುಕ್ಕಟೆ ಪ್ರಾಸ ಸಿಕ್ಕಿಬಿಡುತ್ತದೆ, ಬರೆಯುವವರು ಸೋಮಾರಿಯಾಗುತ್ತಾರೆ. ಅದಕ್ಕಿಂತ ದೊಡ್ಡ ತೊಡಕು 'ಉ'ಕಾರ. ಏರು ಸ್ವರದಲ್ಲಿ ಪೂರ್ತಿ ದನಿ ಬಿಟ್ಟು ಎಳೆಯಬೇಕಾದಾಗ 'ಬಂದೆನು' ಎಂದು ಮುಗಿದರೆ ತುಟಿ ಮುಚ್ಚುತ್ತದೆ, ಗಂಟಲು ಬಿಗಿಯುತ್ತದೆ. ಆ ಜಾಗಕ್ಕೆ 'ಆ'ಕಾರ ಬರುವಂತೆ ಪದ ತಿರುಗಿಸಬೇಕು. ತಾವೇ ಬರೆದು ತಾವೇ ಹಾಡುವ ಚಂದ್ರಶೇಖರ ಕಂಬಾರರ ಹಾಡುಗಳು ಗಂಟಲಿಗೆ ಸಲೀಸಾಗಿ ಕೂರಲು ಉತ್ತರ ಕರ್ನಾಟಕದ 'ಬಂದಾನ', 'ಹೋಗ್ಯಾನ'ಗಳದೂ ಒಂದು ಪಾಲಿದೆ. ಹಳೇ ಮೈಸೂರಿನ ಗ್ರಾಂಥಿಕದಲ್ಲಿ ಪಾಪ್ ಬರೆಯಹೊರಟವರು ಇದನ್ನೊಮ್ಮೆ ಹಾಡಿಯೇ ನೋಡಬೇಕು.

ಇನ್ನು, ಹೇಳಲೇಬೇಕಾದದ್ದು. ಇಲ್ಲಿಯ ದಾರಿ ಬಡವರ ಮಕ್ಕಳಿಗಲ್ಲ. ಫ್ರಿಂಜ್ ಲೆಕ್ಕವನ್ನೇ ಹಾಕಿ: 60 ಸೀಟು, 12 ಪೌಂಡ್ ಟಿಕೆಟ್, 24 ಪ್ರದರ್ಶನ. ತುಂಬಿದರೆ 17,280 ಪೌಂಡ್. ಹೆಸರಿಲ್ಲದ ತಂಡಕ್ಕೆ ಶೇ. 40 ತುಂಬಿದರೆ 6,912. ರಂಗಮಂದಿರದವರ ಜತೆ 60-40ರ ಪಾಲಾದರೆ ತಂಡಕ್ಕೆ 4,147, ಅದೂ ಟಿಕೆಟ್ ಕಮಿಷನ್ನು, ತೆರಿಗೆ ಕಳೆಯುವ ಮುಂಚೆ. ಆಗಸ್ಟಿನ ಎಡಿನ್‌ಬರೋದಲ್ಲಿ ಆರು ಜನರ ವಸತಿಗೇ ಅದು ಸಾಲದು. ಹಿಂದಿನ ತಂಡ ಹೊರಟು ನಿಮ್ಮ ತಂಡ ಒಳಬರಲು ಕೊಡುವ ಹದಿನೈದು ನಿಮಿಷದಲ್ಲಿ ಡ್ರಮ್ಸ್ ಜೋಡಿಸಲಾಗದೆ ಮೊದಲೇ ಮುದ್ರಿಸಿಟ್ಟ ವಾದ್ಯದ ಟ್ರ್ಯಾಕ್ ಹಾಕಿಕೊಂಡು ಹಾಡಬೇಕು, ಲ್ಯಾಪ್‌ಟಾಪು ಕೈಕೊಟ್ಟರೆ ಅಂದಿನ ಆಟ ಮುಗಿದಂತೆ. ಅಪ್ಪ ಅಮ್ಮನ ದುಡ್ಡು ಬೆನ್ನಿಗಿದ್ದವರೇ ಹೆಚ್ಚು ಸಲ ಮರಳಿ ಬರುತ್ತಾರೆ.

ಮತ್ತೆ ಬಾಯಿಂದ ಬಾಯಿಗೆ ಕಲಿಯುವುದನ್ನು ನಾನು ಹೀಗಳೆದದ್ದು ಸ್ವಲ್ಪ ಹೆಚ್ಚಾಯಿತೇನೋ. ಸ್ವರಲಿಪಿ ಓದಲು ಬಾರದ ಇಪ್ಪತ್ತು ಜನ ಒಂದು ಸಂಜೆಯಲ್ಲಿ ಮೇಳದ ಹಾಡು ಕಲಿತು ನಿಲ್ಲುವುದನ್ನು ಇಲ್ಲಿಯವರಿಗೆ ಹೇಳಿದರೆ ನಂಬುವುದಿಲ್ಲ. ನಾಯಕಿಗೆ ನೆಗಡಿಯಾದರೆ ಪೇಟಿ ಮಾಸ್ತರು ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು ಎರಡರಿಂದ ಕಪ್ಪು ಒಂದಕ್ಕೆ ಸದ್ದಿಲ್ಲದೆ ಇಳಿಸಿ ಆಟ ಮುಗಿಸಿಕೊಡುತ್ತಾರೆ. ಇಲ್ಲಾದರೆ ಟ್ರ್ಯಾಕ್, ಬ್ಯಾಂಡಿನ ಹಾಳೆ ಎಲ್ಲ ಬದಲಾಗಬೇಕು, ಇಲ್ಲವೇ ಬದಲಿ ನಟಿ ಬರಬೇಕು. ನೀನಾಸಂ ತಿರುಗಾಟ 1985ರಿಂದ ಹಾಡುವ ನಟರನ್ನು ಊರೂರಿಗೆ ಕರೆದೊಯ್ಯುತ್ತಿದೆ. ಶಿರಸಿಯ ಮಾರಿಜಾತ್ರೆಗೆ ಬಿಡಾರ ಹೂಡುವ ಕಂಪನಿಗಳ ಸಾಹಿತ್ಯ ನನಗೆ ಸೇರುವುದಿಲ್ಲ, ಸಿನಿಮಾ ರಾಗಕ್ಕೇ ಪದ ತುರುಕುತ್ತಾರೆ. ಆದರೂ ಆ ಟೆಂಟಿನಲ್ಲಿ ಹಾಡುವವರಿಗೆ ಪಗಾರವಿದೆ. ಎಡಿನ್‌ಬರೋದ ಬೀದಿಯಲ್ಲಿ ನಾಲ್ಕು ನಕ್ಷತ್ರದ ವಿಮರ್ಶೆಯನ್ನು ಕರಪತ್ರಕ್ಕೆ ಪಿನ್ ಹೊಡೆದು ಹಂಚುತ್ತಿರುವ ಹುಡುಗಿಗೆ ಅದೂ ಇಲ್ಲ.