ಹತ್ತು ಬೆರಳಿನ ಮುಹೂರ್ತ

ಛತ್ರ ಸಿಕ್ಕಿತು, ಅಡುಗೆಯವರು ಒಪ್ಪಿದರು, ಪುರೋಹಿತರು ಲಗ್ನ ಬರೆದುಕೊಟ್ಟರು ಎಂದು ಕಾಲು ಚಾಚಿ ಕೂರುವ ಹೆಣ್ಣಿನ ಕಡೆಯವರಿಗೆ ಒಂದು ಎಚ್ಚರಿಕೆ: ಉಗುರು ಇನ್ನೂ ನಿಶ್ಚಯವಾಗಿಲ್ಲ. ಈಚಿನ ಮದುವೆಗಳಲ್ಲಿ ಅದೇ ಕೊನೆಯವರೆಗೂ ಇತ್ಯರ್ಥವಾಗದ ವಿಷಯ. ವಾಟ್ಸ್ಯಾಪ್ ಗುಂಪಿನಲ್ಲಿ ಚಿಕ್ಕಮ್ಮ, ಅತ್ತಿಗೆ, ದೆಹಲಿಯ ಕಸಿನ್ ಎಲ್ಲರೂ ಸೇರಿ ತಿಳಿಗುಲಾಬಿಯ ಹದಿನಾರು ಛಾಯೆಗಳ ನಡುವಿನ ವ್ಯತ್ಯಾಸವನ್ನು ವಾರಗಟ್ಟಲೆ ಚರ್ಚಿಸುತ್ತಾರೆ. ವರನ ಬಗ್ಗೆ ಇಷ್ಟು ವಿಚಾರಣೆ ನಡೆದದ್ದು ಯಾರಿಗೂ ನೆನಪಿಲ್ಲ.

ಸಮಸ್ಯೆಯ ಮೂಲ ಸರಳ. ಮದುವೆಯ ದಿನ ವಧುವಿನ ಕೈಗೆ ಮೈತುಂಬ ಕೆಲಸ. ಡಿಸೈನ್ ಆರಿಸುವುದು ಮಾತ್ರ ಕೆಲಸವೇ ಇಲ್ಲದ ಕೈಯ ಫೋಟೋ ನೋಡಿ. ಆ ಫೋಟೋದ ಕೈ ಹೂವೊಂದನ್ನು ಹಿಡಿದಿರುತ್ತದೆ, ಇಲ್ಲವೇ ಏನೂ ಹಿಡಿದಿರುವುದಿಲ್ಲ. ಆದ್ದರಿಂದ ಉಗುರಿಗೆ ತೊಂದರೆಯಾಗದ ಹಾಗೆ ಮದುವೆಯನ್ನೇ ತಿದ್ದಿಕೊಳ್ಳುವುದು ಲೇಸು. ಪುರೋಹಿತರ ಸಾಮಾನು ಪಟ್ಟಿಯ ಜೊತೆಗೆ ಇಟ್ಟುಕೊಳ್ಳಲು ಪರಿಷ್ಕೃತ ವಿಧಿ ಇಲ್ಲಿದೆ.

ಮೊದಲು ಉದ್ದ. ಬೆರಳಿಗೆ ಅಂಟಿಕೊಂಡ ಗುಲಾಬಿ ಭಾಗ ಎಷ್ಟಿದೆಯೋ ಅದರ ಅರ್ಧದಷ್ಟು ಮುಂದಕ್ಕೆ ಚಾಚಿದರೆ ಕೃತಕ ಉಗುರು ತಾಳುತ್ತದೆ. ಅದಕ್ಕಿಂತ ಉದ್ದ ಹೋದಷ್ಟೂ ಅದು ಸನ್ನೆಕೋಲು: ತುದಿಗೆ ತಗುಲಿದ ಪೆಟ್ಟೆಲ್ಲ ಬುಡಕ್ಕೆ ಬಂದು, ಅಂಟು ಗಟ್ಟಿಯಿದ್ದರೆ ಒಳಗಿನ ಸ್ವಂತ ಉಗುರೇ ಮಾಂಸದಿಂದ ಬಿಟ್ಟುಕೊಳ್ಳುತ್ತದೆ. ಇದನ್ನು ಸಲೂನಿನ ಟೆಕ್ನೀಷಿಯನ್ ಹುಡುಗಿ ಹೇಳುತ್ತಾಳೆ. ವಾಟ್ಸ್ಯಾಪ್ ಗುಂಪಿನ ಕೋರ್ ಕಮಿಟಿ ಕೇಳಿಸಿಕೊಂಡು, ಗುಲಾಬಿ ಭಾಗದಷ್ಟೇ ಉದ್ದದ, ಚೂರಿಯಂತೆ ಚೂಪಾದ ಸ್ಟಿಲೆಟೊ ಆಕಾರವನ್ನು ಅವಿರೋಧವಾಗಿ ಅಂಗೀಕರಿಸುತ್ತದೆ. ಬಾದಾಮಿ ಆಕಾರ ಕೇಳಿದವಳು ಹಳೇ ಕಾಲದವಳು. ಗಿಡ್ಡ ಚೌಕ ಕೇಳಿದವಳು ನರ್ಸಿಂಗ್ ಓದಿದವಳಿರಬೇಕು.

ಇನ್ನು ದಿನ. ಮಂಗಳವಾರ, ಶುಕ್ರವಾರ ಉಗುರು ಕತ್ತರಿಸಬಾರದು ಎಂಬ ಅಜ್ಜಿಯ ಕಾನೂನು ಇನ್ನೂ ಜಾರಿಯಲ್ಲಿದೆ. ಆದರೆ ಕೃತಕ ಉಗುರು ಹಾಕಿ ಬೆಳೆಸಿಕೊಳ್ಳುವುದಕ್ಕೆ ಅದು ಅನ್ವಯಿಸುತ್ತದೆಯೇ? ಎಕ್ಸ್‌ಟೆನ್ಷನ್ ಅಂದರೆ ವೃದ್ಧಿ. ಶುಕ್ರವಾರ ವೃದ್ಧಿಯಾದರೆ ಲಕ್ಷ್ಮಿಯೇ ಬಂದ ಹಾಗೆ. ಅಜ್ಜಿ ಒಪ್ಪುತ್ತಾರೆ. ಬಿಲ್ ನೋಡುವವರೆಗೆ.

ಮೆಹಂದಿ ಮೊದಲೋ ಉಗುರು ಮೊದಲೋ ಎಂಬುದು ಮನೆ ಒಡೆಯುವ ಪ್ರಶ್ನೆ. ಉತ್ತರವೇನೋ ಇದೆ. ಮೆಹಂದಿ ಮೊದಲಾದರೆ, ಬಣ್ಣ ಏರಲೆಂದು ಸವರಿದ ನಿಂಬೆರಸ-ಸಕ್ಕರೆ, ನೀಲಗಿರಿ ಎಣ್ಣೆ ಉಗುರಿನ ಮೇಲೂ ಕೂತು, ಅದರ ಮೇಲೆ ಹಾಕಿದ ಜೆಲ್ (ದೀಪದ ಬೆಳಕಿಗೆ ಗಟ್ಟಿಯಾಗುವ ಉಗುರು ಬಣ್ಣ) ಹಿಡಿಯುವುದಿಲ್ಲ. ಜೊತೆಗೆ ಮೆಹಂದಿಗೆ ನೀರು ಸೋಕಬಾರದ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲೇ ಸಲೂನಿನವರು ಕೈ ತೊಳೆಸಿ, ಅಸಿಟೋನ್ ಸವರಿ, ಅರದಿಂದ ಉಜ್ಜುತ್ತಾರೆ. ಹಾಗಾಗಿ ಉಗುರು ಮೊದಲು, ಮಾರನೆಯ ದಿನ ಮೆಹಂದಿ. ಉಗುರಿನ ಮೇಲೆ ಬಿದ್ದ ಹನಿಯನ್ನು ಆಗಲೇ ಒರೆಸಬೇಕು. ಇಷ್ಟೇ. ಆದರೆ ಇಷ್ಟು ಸುಲಭವಾಗಿ ತೀರ್ಮಾನವಾದರೆ ಅದು ಮದುವೆ ಮನೆಯೇ? ಮೆಹಂದಿಯವಳು ಮತ್ತು ಉಗುರಿನವಳು ಒಂದೇ ಮಧ್ಯಾಹ್ನ ಬಂದು, ಒಬ್ಬಳು ಎಡಗೈ, ಒಬ್ಬಳು ಬಲಗೈ ಹಂಚಿಕೊಳ್ಳಲಿ. ನೀರು ಕುಡಿಸಲು ಒಬ್ಬ ಸೋದರಸೊಸೆ ಸಾಕು.

ಈಗ ವಿಧಿ. ಸಂಕಲ್ಪದಷ್ಟೇ ಗಂಭೀರ. ಹಳೆಯ ಪಾಲಿಶ್ ತೆಗೆದು, ಬುಡದ ಚರ್ಮ ಹಿಂದೆ ಸರಿಸಿ, ಉಗುರಿಗೆ ಅಂಟಿದ ಕಾಣದ ಪೊರೆಯನ್ನೂ ಕೆರೆಯಬೇಕು. ಮೂರೇ ದಿನಕ್ಕೆ ಉಗುರು ಎದ್ದು ಬರುವುದಕ್ಕೆ ದೊಡ್ಡ ಕಾರಣ ಈ ಪೊರೆ, ದೃಷ್ಟಿ ತಾಗಿದ್ದಲ್ಲ. ಆಮೇಲೆ ತರಿತನ 180 ಗ್ರಿಟ್‌ನ ಅರದಿಂದ ಹೊಳಪು ಹೋಗುವಷ್ಟೇ ಉಜ್ಜಿ, ಜಿಡ್ಡು ಒಣಗಿಸುವ ದ್ರವ, ಪ್ರೈಮರ್, ಬೇಸ್ ಕೋಟ್. ಸಲೂನಿನ ಯುವಿ ದೀಪದ ಕೆಳಗೆ ಸುಮಾರು ಅರವತ್ತು ಸೆಕೆಂಡ್. ಬಣ್ಣ ಎರಡು ಪದರ, ತೆಳ್ಳಗೆ. ದಪ್ಪ ಹಾಕಿದರೆ ಮೇಲೆ ಗಟ್ಟಿ, ನಡುವೆ ಹಸಿ. ನಾಲ್ಕು ಬೆರಳು ಒಂದು ಸರದಿ, ಹೆಬ್ಬೆರಳು ಬೇರೆ ಸರದಿ, ಏಕೆಂದರೆ ನಾಲ್ಕರ ಜೊತೆ ಇಟ್ಟ ಹೆಬ್ಬೆರಳು ಪಕ್ಕಕ್ಕೆ ತಿರುಗಿ ಬೆಳಕು ತಪ್ಪಿಸಿಕೊಳ್ಳುತ್ತದೆ. ಮೊದಲು ಕಿತ್ತುಬರುವ ಉಗುರು ಎಷ್ಟೋ ಸಲ ಹೆಬ್ಬೆರಳಿನದೇ ಆಗುವುದು ಈ ಕಾರಣಕ್ಕೆ. ದೀಪದಲ್ಲಿ ಕೈ ಚುರುಗುಟ್ಟಿದರೆ ಜೆಲ್ ಗಟ್ಟಿಯಾಗುವಾಗ ಹುಟ್ಟುವ ಶಾಖ ಅದು; ಎರಡು ಕ್ಷಣ ಕೈ ಹೊರತೆಗೆದು ಮತ್ತೆ ಇಡಬೇಕು. ಧಾರೆಯಲ್ಲಿ ಬಾರದ ಕಣ್ಣೀರು ಇಲ್ಲಿ ಬಂದರೆ ವಿಡಿಯೋದವನನ್ನು ಕರೆಯಿರಿ.

ಬೆಕ್ಕಿನ ಕಣ್ಣಿನಂತೆ ಮಿನುಗುವ ಕ್ಯಾಟ್ ಐ ಬಣ್ಣ ಬೇಕೆಂದವಳಿಗೆ ಹಸಿ ಬಣ್ಣದ ಮೇಲೆ ಹತ್ತು ಸೆಕೆಂಡ್ ಅಯಸ್ಕಾಂತ ಹಿಡಿದು, ತೆಗೆದ ಕೂಡಲೇ ದೀಪಕ್ಕೆ. ತಡವಾದರೆ ಲೋಹದ ಕಣ ಚದುರಿ ಬೆಕ್ಕಿನ ಕಣ್ಣಿಗೆ ಪೊರೆ ಬರುತ್ತದೆ. ಕ್ರೋಮ್ ಬೇಕೆಂದವಳು ಉಗುರಿನ ತುದಿಯ ಅಂಚಿಗೂ ಟಾಪ್ ಕೋಟ್ ಎಂಬ ಕೊನೆಯ ಪದರ ಸುತ್ತಿಸಿಕೊಳ್ಳಬೇಕು; ಇಲ್ಲದಿದ್ದರೆ ವರಪೂಜೆಗೆ ಕನ್ನಡಿ, ಮುಹೂರ್ತಕ್ಕೆ ತಗಡು.

ಅರಿಶಿನ ಶಾಸ್ತ್ರದಲ್ಲಿ ಫ್ರೆಂಚ್ ಶೈಲಿಯ ಬಿಳಿ ತುದಿ ಒಂದೇ ಗಳಿಗೆಯಲ್ಲಿ ಕನ್ನಡಕ್ಕೆ ಮತಾಂತರವಾಗುತ್ತದೆ. ಅರಿಶಿನದ ಬಣ್ಣ ಜೆಲ್‌ಗೂ ಹತ್ತುತ್ತದೆ. ಹೊಳಪಿಲ್ಲದ ಮ್ಯಾಟ್ ಟಾಪ್ ಕೋಟ್‌ಗೆ ಇನ್ನೂ ಚೆನ್ನಾಗಿ. ಸ್ಪಿರಿಟ್ ಹಚ್ಚಿ ಒರೆಸಿದರೆ ಸ್ವಲ್ಪ ಹೋಗುತ್ತದೆ, ಬಿಸಿಲಿಗೆ ಹಿಡಿದರೆ ಇನ್ನಷ್ಟು ಮಾಸುತ್ತದೆ. ಆದ್ದರಿಂದ ಶಾಸ್ತ್ರ ಮುಗಿದ ವಧುವನ್ನು ಮಹಡಿಗೆ ಕರೆದೊಯ್ದು, ಹಪ್ಪಳದ ಪಕ್ಕ ಕೂರಿಸಿ, ಕೈ ಮುಂದೆ ಚಾಚಿಸಿ ಒಣಗಿಸತಕ್ಕದ್ದು. ಇದು ಬೇಡವೆಂದರೆ ಅರಿಶಿನವನ್ನು ಉಗುರಿಗೆ ಹೊಂದುವ ಬಣ್ಣದಲ್ಲಿ ಕುಟ್ಟಿಸಿ.

ಬಳೆ ಶಾಸ್ತ್ರ ಇನ್ನೂ ಕಠಿಣ. ಹಸಿರು ಗಾಜಿನ ಬಳೆ ಏರಬೇಕಾದರೆ ಹೆಬ್ಬೆರಳನ್ನು ಅಂಗೈಗೆ ಮಡಚಿ, ಕೈಯನ್ನೇ ಕಿರಿದು ಮಾಡಬೇಕು. ಮಡಚಿದ ಸ್ಟಿಲೆಟೊ ಅಂಗೈಗೆ ನಾಟುತ್ತದೆ. 2.4 ಅಳತೆಯವಳಿಗೆ 2.8 ತೊಡಿಸಿ, ಕೈ ಕೆಳಗೆ ಬಿಟ್ಟರೆ ಉದುರುವುದರಿಂದ ದಿನವಿಡೀ ಕೈ ಮೇಲೆತ್ತಿಯೇ ಇರಲಿ. ಉಗುರೂ ಫೋಟೋಗೆ ಸಿಗುತ್ತದೆ. ಸೀರೆಯ ಪಿನ್ನು, ರವಿಕೆಯ ಹುಕ್ಕು, ಜಡೆಬಿಲ್ಲೆ, ಮೂಗುತಿಯ ತಿರುಪು ಇವೆಲ್ಲ ವಧು ಮುಟ್ಟುವಂತಿಲ್ಲ. ಶೌಚಾಲಯದ ವಿಷಯದಲ್ಲಿ ಕಮಿಟಿ ಇನ್ನೂ ವರದಿ ಸಲ್ಲಿಸಿಲ್ಲ. ಹರಳು ಅಂಟಿಸಿದ ಉಗುರು ಜರಿ ಅಂಚಿಗೆ ಸಿಕ್ಕಿದರೆ ಎಳೆಯಬಾರದು. ಹರಳು ಹೋದರೆ ಹೋಗಲಿ, ಎಳೆದ ಜರಿ ಎಳೆ ಹಿಂದಕ್ಕೆ ಕೂರುವುದಿಲ್ಲ. ಸೀರೆ ಅಮ್ಮನ ದುಡ್ಡು, ಹರಳು ಅಪ್ಪನ ದುಡ್ಡು. ಜಗಳಕ್ಕೆ ಅಷ್ಟು ಸಾಕು.

ಅಂತರಪಟ ಸರಿದಾಗ ವರನ ತಲೆಯ ಮೇಲೆ ಜೀರಿಗೆ-ಬೆಲ್ಲ ಇಡಬೇಕು. ವರನಿಗೆ ಮುಂಚೆಯೇ ತಿಳಿಸಿ, ಪೇಟವನ್ನು ಬಿಗಿಯಾಗಿ ಕಟ್ಟಿಸಿ. ಉಗುರಿನ ಅಡಿ ಸೇರಿದ ಬೆಲ್ಲ ಉಗುರುಬೆಚ್ಚನೆ ನೀರಿಗೇ ಬಿಡುವುದು, ಆದರೆ ಮುಂದಿನ ಮೂರು ಗಂಟೆ ಬಿಸಿನೀರು ಅಡುಗೆಮನೆ ದಾಟಿ ಬರುವುದಿಲ್ಲ. ಲಾಜಹೋಮದಲ್ಲಿ ಅಣ್ಣ ಬೊಗಸೆಗೆ ಅರಳು ಸುರಿಯುತ್ತಾನೆ, ತುಪ್ಪ ಬೀಳುತ್ತದೆ, ಬೊಗಸೆ ಬೆಂಕಿಯತ್ತ ಚಾಚುತ್ತದೆ. ಕೃತಕ ಉಗುರಿನ ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕು, ಹೊತ್ತಿಕೊಳ್ಳುವಂಥದ್ದು. ಅಗ್ನಿಸಾಕ್ಷಿ ಎಂದರೆ ಅಗ್ನಿ ಸಾಕ್ಷಿಯಾಗಷ್ಟೇ ಇರಬೇಕು. ಹೋಮಕುಂಡವನ್ನು ಎರಡು ಅಡಿ ಹಿಂದಕ್ಕೆ ಸರಿಸಿ, ಅರಳನ್ನು ಎಸೆಯಲು ಅಣ್ಣನಿಗೇ ಹೇಳಿ. ಊಟಕ್ಕೆ ಕೂತಾಗ ಎಲೆಯ ಮೇಲೆ ಹರಿಯುವ ತಿಳಿಸಾರನ್ನು ತಡೆಯುವುದು ಸ್ವಂತ ಉಗುರಿನವರಿಗೇ ಕಷ್ಟ. ಪಂಕ್ತಿಯಲ್ಲಿ ವಧುವಿಗೆ ಹೋಳಿಗೆ ಮಾತ್ರ, ಅದೂ ತುಪ್ಪವಿಲ್ಲದೆ.

ಇಷ್ಟರ ನಡುವೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಬಾಟಲಿಯಲ್ಲೇನಿದೆ? ಹಸಿ ಜೆಲ್ ಬುಡದ ಚರ್ಮಕ್ಕೆ ತಾಗುತ್ತಲೇ ಇದ್ದರೆ ಅದರಲ್ಲಿನ ಹೆಮಾ ಎಂಬ ರಾಸಾಯನಿಕಕ್ಕೆ ಅಲರ್ಜಿ ಹತ್ತಬಹುದು. ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ, ಮುಂದೆ ಹಲ್ಲಿನ ಡಾಕ್ಟರು ಬಳಸುವ ಕೆಲವು ವಸ್ತುಗಳೂ ಒಗ್ಗದಿರಬಹುದು. ದೀಪದಲ್ಲಿ ಜೆಲ್ ಗಟ್ಟಿಯಾಗಲು ಬೆರೆಸುತ್ತಿದ್ದ ಟಿಪಿಒ ಎಂಬುದನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಎಲೆ ಊಟದ ಉಪ್ಪಿನಕಾಯಿ ಯಾವ ಬ್ರ್ಯಾಂಡ್ ಎಂದು ಮೂರು ಸಲ ವಿಚಾರಿಸಿದ ಸೋದರಮಾವನಿಗೆ ಇದನ್ನು ಹೇಳಿ ನೋಡಿ. ‘ಬಣ್ಣ ಚೆನ್ನಾಗಿದೆಯಲ್ಲಾ’ ಅನ್ನುತ್ತಾರೆ.

ಒಂದು ಮಾತು ತಮಾಷೆಯಿಲ್ಲದೆ: ಮುಹೂರ್ತಕ್ಕೆ ಸ್ವಂತ ಉಗುರನ್ನೇ ಗಿಡ್ಡ ಮಾಡಿ ಕೆಂಪೋ ಮೆರೂನೋ ಜೆಲ್ ಹಚ್ಚಿ, ಆರತಕ್ಷತೆಗೆ ಮಾತ್ರ ಅಂಟಿಸಿ ಕೀಳುವ ಪ್ರೆಸ್-ಆನ್ ಉಗುರು ಹಾಕಿಕೊಂಡರೆ ಮೇಲಿನ ಮುಕ್ಕಾಲು ಪಾಲು ತೊಂದರೆಯಿಲ್ಲ. ಬೆರಳಿಗೆ ಬೆರಳಿಗೆ ಅಳತೆ ನೋಡಿ ಆರಿಸಬೇಕು. ಅಗಲವಾದದ್ದನ್ನು ಬದಿಯಲ್ಲಿ ಅರ ಹಾಕಿ ಕೂರಿಸಬೇಕು. ಕಮಿಟಿ ಈ ಸಲಹೆಯನ್ನು ‘ಚೀಪ್’ ಎಂದು ತಿರಸ್ಕರಿಸಿದೆ.

ಆರತಕ್ಷತೆಯ ಬೆಳಿಗ್ಗೆ ಒಂದು ಉಗುರು ಎದ್ದೇ ಏಳುತ್ತದೆ. ತಮ್ಮ ಅಂಗಡಿಗೆ ಓಡಿ ಫೆವಿಕ್ವಿಕ್ ತಂದು ಒತ್ತುತ್ತಾನೆ. ಉಗುರಿನ ಗೋಂದೂ ಅದೇ ಜಾತಿಯದೇ. ಕಷ್ಟ ಇರುವುದು ಅಡಿಯಲ್ಲಿ ಸಿಕ್ಕಿಕೊಂಡ ನೀರಿನಲ್ಲಿ. ತೇವ ಒಳಗೇ ಮುಚ್ಚಿಹೋದರೆ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ಬಳೆಗೆ ಮ್ಯಾಚಿಂಗ್.

ತೆಗೆಯುವುದಕ್ಕೂ ಕ್ರಮವಿದೆ: ಮೇಲ್ಪದರ ಅರದಿಂದ ಕೊರೆದು, ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ ಹದಿನೈದು ನಿಮಿಷ ಕಾದು, ಮೆತ್ತಗಾದದ್ದನ್ನು ನವಿರಾಗಿ ತಳ್ಳುವುದು. ಟಿವಿ ನೋಡುತ್ತಾ ಹಲ್ಲಿನಿಂದ ಕಿತ್ತರೆ ಸ್ವಂತ ಉಗುರಿನ ಪದರವೂ ಜೊತೆಗೆ ಬಂದು, ಪೂರ್ತಿ ಹೊಸದು ಬರಲು ಸುಮಾರು ಆರು ತಿಂಗಳು.

ತೆಗೆಯದೆ ಉಳಿಸಿಕೊಂಡವರಿಗೆ ಮೂರು ವಾರಕ್ಕೆ ಇನ್‌ಫಿಲ್. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದು ಬುಡದಲ್ಲಿ ಖಾಲಿ ಬಿಡುವುದರಿಂದ ಅಲ್ಲಿ ಮತ್ತೆ ತುಂಬಿಸಬೇಕು. ಜ್ಯೇಷ್ಠದಲ್ಲಿ ಮದುವೆಯಾದವಳಿಗೆ ಇದು ಸರಿಯಾಗಿ ಆಷಾಢಕ್ಕೆ, ಅವಳು ತವರಿಗೆ ಬಂದಾಗ, ಬೀಳುತ್ತದೆ. ಖರ್ಚು ಯಾರದು? ತುದಿ ಹಾಕಿಸಿದ್ದು ನಾವು, ಬುಡ ಬೆಳೆದದ್ದು ಅತ್ತೆ ಮನೆಯ ಅನ್ನದಲ್ಲಿ, ಆದ್ದರಿಂದ ಬೀಗರೇ ಕೊಡಲಿ ಎಂದು ಹೆಣ್ಣಿನ ಕಡೆಯವರ ವಾದ. ಬೆಳೆದದ್ದರಲ್ಲಿ ಎಷ್ಟು ಮಿಲಿಮೀಟರ್ ಆಷಾಢದ ಪಾಡ್ಯಕ್ಕೆ ಮುಂಚಿನದು, ಎಷ್ಟು ಆಮೇಲಿನದು ಎಂದು ಗಂಡಿನ ಕಡೆಯವರು ಸ್ಕೇಲ್ ತರಿಸಿದ್ದಾರೆ.