ಪರ್ಮಿಟ್ ಇದ್ರೂ ಬೆಟ್ಟ ಹೋಗೋದು ಹೋಗೇ ಹೋಗುತ್ತೆ

ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರಿನ, ಅಲ್ಲಿನ ಕಬ್ಬಿಣದ ಅದಿರಿನ ಬೆಟ್ಟಗಳ ಬಗ್ಗೆ ಮಾತು ಬಂದಾಗೆಲ್ಲ ಬೆಂಗಳೂರಿನ ಕಡೆಯವರು ಕೇಳೋದು ಒಂದೇ, "ಈಗ ಅಕ್ರಮ ಗಣಿಗಾರಿಕೆ ನಿಂತಿದೆ ಅಲ್ವಾ?" ಅಂತ. ಹೌದು, ಹಳೇ ಥರ ರಾತ್ರೋರಾತ್ರಿ ಲೂಟಿ ಈಗಿಲ್ಲ. ಆದ್ರೆ ಆ ಪ್ರಶ್ನೆನೇ ನಂಗೆ ಕಾಡುತ್ತೆ, ಯಾಕಂದ್ರೆ ಅಕ್ರಮ ಅನ್ನೋ ಒಂದು ಪದದಲ್ಲೇ ನಾವು ಇಡೀ ವಿಷಯ ಮುಗಿಸಿಬಿಟ್ವಿ. ಬಹಳ ದಿನದಿಂದ ಬರೀಬೇಕು ಅನ್ಕೊಂಡಿದ್ದೆ, ಉದ್ದ ಆಗುತ್ತೆ, ಆದ್ರೂ ದಯವಿಟ್ಟು ಓದಿ.

2011ರ ಜುಲೈ ನೆನಪು ಮಾಡ್ಕೊಳ್ಳಿ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ರಿಪೋರ್ಟ್ ಬಂತು, ರಾಜ್ಯಕ್ಕೆ 16,085 ಕೋಟಿ ನಷ್ಟ ಅಂತ, ಮುಖ್ಯಮಂತ್ರಿ ರಾಜೀನಾಮೆ ಕೊಟ್ರು, ಸುಪ್ರೀಂ ಕೋರ್ಟ್ ಬಳ್ಳಾರಿಲಿ ಮೈನಿಂಗ್ ಪೂರ್ತಿ ನಿಲ್ಲಿಸ್ತು, ಆಗಸ್ಟಲ್ಲಿ ಚಿತ್ರದುರ್ಗ ತುಮಕೂರಿಗೂ ಅದೇ ಆದೇಶ. ಟಿವಿ ಹಾಕಿದ್ರೆ ಬರೀ ಪರ್ಮಿಟ್, ಓವರ್‌ಲೋಡ್, ಅದಿರು ಹಡಗು ಹತ್ತುತ್ತಿದ್ದ ಬೇಲೆಕೇರಿ ಬಂದರು, ಕೋಟಿ ಕೋಟಿ. ಆ ಹೋರಾಟ ಮಾಡಿದ ಎಸ್.ಆರ್. ಹಿರೇಮಠ್ ಅಂಥವರಿಗೆ ನಾವೆಲ್ಲ ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜನರ ತಲೇಲಿ ಉಳಿದಿದ್ದು ಖಜಾನೆಗಾದ ನಷ್ಟ ಮಾತ್ರ. ರಾಯಲ್ಟಿ ಕಟ್ಟಿ, ತೂಕ ಸರಿಯಾಗಿ ಹಾಕ್ಸಿ, ಟಾರ್ಪಾಲಿನ್ ಮುಚ್ಕೊಂಡು ಲಾರಿ ಹೋದ್ರೆ ಎಲ್ಲಾ ಸರಿ ಹೋಯ್ತು ಅನ್ನೋ ಸಮಾಧಾನ ಬಂದ್ಬಿಡ್ತು.

ಅಲ್ಲಿ ಹೋಗ್ತಿರೋದು ಏನು ಅಂತ ಒಂದ್ಸಲ ನೋಡ್ಬೇಕು. ಕುಮಾರಸ್ವಾಮಿ ದೇವಸ್ಥಾನದ ಬೆಟ್ಟದ ರಸ್ತೇಲಿ ಕಡಿದ ಅಂಚಿದೆಯಲ್ಲ, ಅಲ್ಲಿಂದ ಉದುರಿರೋ ಒಂದು ಕಲ್ಲು ಎತ್ಕೊಳ್ಳಿ. ಮೊದಲು ತೂಕನೇ ಆಶ್ಚರ್ಯ ಆಗುತ್ತೆ, ಅಂಗೈಯಷ್ಟಿದ್ರೂ ಕೈ ಕೆಳಗೆ ಜಗ್ಗುತ್ತೆ. ಆಮೇಲೆ ಒಂದು ಪಟ್ಟಿ ಕೆಂಪು, ಅದರ ಮೇಲೊಂದು ಉಕ್ಕಿನ ಥರ ಹೊಳೆಯೋ ಬೂದು ಪಟ್ಟಿ, ಮತ್ತೆ ಕೆಂಪು, ಕೆಲವು ಪಟ್ಟಿ ಉಗುರಿನಷ್ಟು ತೆಳು. ಇದು ಸುಮಾರು 270 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತಿದ್ದು. ಆಗ ಗಾಳೀಲಿ ಆಕ್ಸಿಜನ್ ಅನ್ನೋದು ಇರಲೇ ಇಲ್ಲ ಅನ್ನಬಹುದು, ಕಬ್ಬಿಣ ಸಮುದ್ರದ ನೀರಲ್ಲೇ ಕರಗಿಕೊಂಡಿತ್ತು, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಿಸಿಲಲ್ಲಿ ಆಹಾರ ಮಾಡ್ಕೊಂಡು ಆಕ್ಸಿಜನ್ ಬಿಟ್ಟಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳೀತು, ಜೊತೆಗೆ ಸಿಲಿಕಾ, ಹೀಗೆ ಪದರದ ಮೇಲೆ ಪದರ. ಅಂಥ ಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಅನ್ನೋ ಕಲ್ಲುಗಳೂ ಸಂಡೂರು ಶಿಲಾಪಟ್ಟಿಯಲ್ಲೇ ಸಿಕ್ಕಿವೆ. ನಾವು ಇವತ್ತು ಉಸಿರಾಡೋ ಗಾಳಿ ಶುರುವಾದ ಕಾಲದ ದಾಖಲೆ ನಮ್ಮ ತಾಲೂಕಲ್ಲಿದೆ, ಟನ್ ಲೆಕ್ಕದಲ್ಲಿ ಲಾರಿಗೆ ತುಂಬ್ತಿದೀವಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ಪಟ್ಟೆ ಕಲ್ಲಲ್ಲಿ ಮೂಲತಃ ಕಬ್ಬಿಣ ಇರೋದು ಮೂವತ್ತು ನಲವತ್ತು ಪರ್ಸೆಂಟ್ ಅಷ್ಟೇ. ಕಂಪನಿಗಳು ಹುಡುಕೋ ಅರವತ್ತರ ಮೇಲಿನ ಗ್ರೇಡ್ ಹೇಗೆ ಬಂತು? ಕೋಟ್ಯಂತರ ವರ್ಷ ಮಳೆ ನೀರು ಬಿರುಕಲ್ಲಿ ಇಳಿದಿಳಿದು ಸಿಲಿಕಾನ ತೊಳೆದು ತಗೊಂಡ್ಹೋಯ್ತು, ಕಬ್ಬಿಣ ಉಳೀತು. ಅಂದ್ರೆ ನೀರು ಎಲ್ಲಿ ಚೆನ್ನಾಗಿ ಇಳೀತೋ ಅಲ್ಲೇ ಒಳ್ಳೆ ಅದಿರು. ಅದಕ್ಕೇ ಅದು ತೂತು ತೂತಾಗಿ, ಕೆಲವು ಕಡೆ ಬ್ಲೂ ಡಸ್ಟ್ ಅಂತ ಪುಡಿಪುಡಿಯಾಗಿ ಇರುತ್ತೆ, ಮೇಲೆ ಜಂಬಿಟ್ಟಿಗೆಯ ಟೊಪ್ಪಿಗೆ. ಮಳೆಗಾಲದ ನೀರನ್ನ ಹೂಜಿ ಥರ ಹಿಡಿದಿಟ್ಕೊಂಡು ಕೆಳಗಿನ ಹಳ್ಳಕ್ಕೆ, ಒರತೆಗೆ, ಬಾವಿಗೆ ನಿಧಾನಕ್ಕೆ ಬಿಡೋದು ಇದೇ ಜಾಗ. ಸುತ್ತ ಬಳ್ಳಾರಿ ಬಯಲು ಒಣಗಿ ಬಿರುಕು ಬಿಟ್ಟಿರೋವಾಗ ಸಂಡೂರಿನ ಬೆಟ್ಟ ಮಾತ್ರ ಯಾಕೆ ಹಸಿರು, ಹರಿಶಂಕರ ತೀರ್ಥದಲ್ಲಿ ಬೇಸಿಗೇಲೂ ನೀರು ಯಾಕೆ ಅಂತ ಯೋಚನೆ ಮಾಡಿ. ಬೆಟ್ಟದ ನೆತ್ತಿ ಕತ್ತರಿಸಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ಮೇಲೆ, ಗಣಿಯ ಬೇಡದ ಮಣ್ಣು ಸುರಿದ ಗುಡ್ಡೆ, ಅಂದ್ರೆ ಡಂಪ್ ಮೇಲೆ ಎಷ್ಟು ಸಸಿ ನೆಟ್ರೂ ಆ ನೀರು ಹಿಡಿಯೋ ಶಕ್ತಿ ವಾಪಸ್ ಬರಲ್ಲ. ಗಿಡ ಬೆಳೀಬಹುದು. ಬೆಟ್ಟ ಬೆಳಿಯಲ್ಲ.

ಧೂಳಿನ ವಿಷ್ಯ ನಮ್ ಕಡೆಯವರಿಗೆ ಹೇಳೋದೇ ಬೇಡ. ಚೀನಾಕ್ಕೆ ಅದಿರು ಹೋಗ್ತಿದ್ದ ಕಾಲದಲ್ಲಿ ಬೆಟ್ಟ ಬಿಟ್ಟು ಪಟ್ಟಾ ಜಮೀನಲ್ಲೂ ಅಗೆದ್ರು, ಮೇಲ್ಮಣ್ಣಲ್ಲೇ ಸಿಗೋ ಫ್ಲೋಟ್ ಅದಿರಿಗೆ. ಜೋಳ ಶೇಂಗಾ ಬೆಳೀತಿದ್ದ ಹೊಲ ಅಗೆದು, ಹೆಂಗಸರು ಮಕ್ಕಳು ಕೂತ್ಕೊಂಡು ಸುತ್ತಿಗೇಲಿ ಕಲ್ಲು ಒಡೀತಿದ್ರು, ನಾನೇ ಕಣ್ಣಾರೆ ನೋಡಿದೀನಿ. ನಮ್ಮ ಸೋದರಮಾವನ ಹೊಲ ಲಾರಿ ರಸ್ತೆ ಪಕ್ಕ ಇತ್ತು. ಹತ್ತಿ ಒಡೆದ್ರೆ ಬಿಳೀ ಕಾಣ್ತಿರಲಿಲ್ಲ, ಇಟ್ಟಿಗೆ ಬಣ್ಣ. "ಹತ್ತಿ ಕೆಂಪಗ ಐತಿ ಅಂತ ದಲ್ಲಾಳಿ ರೇಟು ಇಳಸ್ತಾನಪ್ಪ, ಧೂಳು ಎಬ್ಸಿದವರು ಯಾರೂ ಕೊಡಂಗಿಲ್ಲ" ಅಂತಿದ್ರು ಮಾವ. ಮಳೆ ಬಂದ್ರೆ ಡಂಪಿಂದ ಕೆಂಪು ಹೂಳು ಬಂದು ಹೊಲದಲ್ಲಿ ಕೂತು, ಒಣಗಿದ್ಮೇಲೆ ಮೇಲೊಂದು ಪೊರೆ ಕಟ್ಟೋದು, ಬಿತ್ತಿದ ಬೀಜ ಮೇಲೆ ಏಳ್ತಿರಲಿಲ್ಲ.

ಸುಪ್ರೀಂ ಕೋರ್ಟ್ ಮಾತ್ರ ಈ ಲೆಕ್ಕವನ್ನೂ ಕೇಳ್ತು ಅನ್ನೋದು ಹೇಳ್ಲೇಬೇಕು. ಪರಿಸರ ಅಧ್ಯಯನ ಮಾಡ್ಸಿ, ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, ಅತಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ಲೀಸ್‌ಗಳನ್ನ 2013ರಲ್ಲಿ ರದ್ದು ಮಾಡ್ತು. ವರ್ಷಕ್ಕೆ ಇಷ್ಟೇ ತೆಗೀಬೇಕು ಅಂತ ಮಿತಿ ಹಾಕ್ತು, ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ತುಮಕೂರು ಸೇರಿ 50 ಲಕ್ಷ ಟನ್. ಮುಂದಿನ ತಲೆಮಾರಿಗೂ ಉಳೀಬೇಕು ಅನ್ನೋ ಮಾತು ಆ ಕೇಸಲ್ಲಿ ಬಂತು, ಗಣಿ ವಿಷಯದಲ್ಲಿ ನಾನು ಓದಿದ ಅತ್ಯಂತ ವಿವೇಕದ ಮಾತು ಅದು. ಆದ್ರೆ 2022ರ ಆಗಸ್ಟಲ್ಲಿ ಅದೇ ಕೋರ್ಟ್ ಮಿತಿನ ಬಳ್ಳಾರಿಗೆ 3.5 ಕೋಟಿ, ಉಳಿದೆರಡು ಜಿಲ್ಲೆಗೆ 1.5 ಕೋಟಿ ಟನ್‌ಗೆ ಏರಿಸ್ತು, ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ರಫ್ತಿಗೂ ಒಪ್ಪಿಗೆ ಕೊಟ್ಟಿತ್ತು. 2011ರಲ್ಲಿ ಬೀದಿಗಿಳಿದಿದ್ದ ಜನರಲ್ಲಿ ಹೆಚ್ಚಿನವರು ಆವತ್ತು ಮಾತಾಡ್ಲಿಲ್ಲ, ಯಾಕಂದ್ರೆ ಇದರಲ್ಲಿ ಸ್ಕ್ಯಾಮ್ ಇಲ್ವಲ್ಲ.

ದೇವದಾರಿ ವಿಷಯ ನೋಡಿ. ಕುದುರೆಮುಖದಲ್ಲಿ ಭದ್ರಾ ನದಿ ಕಣಿವೇಲಿ ದಶಕಗಳ ಕಾಲ ಅದಿರು ತೆಗೆದ ಕೇಂದ್ರ ಸರ್ಕಾರಿ ಕಂಪನಿ ಕೆಐಓಸಿಎಲ್, 2002ರ ಸುಪ್ರೀಂ ಕೋರ್ಟ್ ತೀರ್ಪಿಂದಾಗಿ 2005ರ ಕೊನೆಗೆ ಅಲ್ಲಿ ಗಣಿ ನಿಲ್ಲಿಸ್ತು. ಲಕ್ಯಾ ಅಣೆಕಟ್ಟಿನ ಹಿಂದೆ ಆ ಗಣಿ ತ್ಯಾಜ್ಯದ ಹೂಳು ಇವತ್ತಿಗೂ ಹಾಗೇ ಬಿದ್ದಿದೆ. ಅದಿರಿನ ಪುಡಿನ ಉಂಡೆ ಮಾಡೋ ಮಂಗಳೂರಿನ ಪೆಲೆಟ್ ಪ್ಲಾಂಟ್‌ಗೆ ಅದಿರು ಬೇಕು ಅಂತ ಅದೇ ಕಂಪನಿ ಈಗ ಸಂಡೂರಿನ ದೇವದಾರಿ ಬೆಟ್ಟಕ್ಕೆ ಬಂದಿದೆ, 400 ಹೆಕ್ಟೇರ್‌ಗಿಂತ ಹೆಚ್ಚು ಕಾಡು, 99,330 ಮರ. 2024ರ ಜೂನಲ್ಲಿ ಕೇಂದ್ರ ಸಚಿವರ ಸಹಿ ಬಿತ್ತು, ಕುದುರೆಮುಖದ ಹಾನಿಗೆ ಕಟ್ಟಬೇಕಾದ ದಂಡ ಬಾಕಿ ಇದೆ ಅಂತ ರಾಜ್ಯದ ಅರಣ್ಯ ಸಚಿವರು ತಡೆದ್ರು. ತಡೆದಿದ್ದು ಒಳ್ಳೇದೇ ಆಯ್ತು, ಆದ್ರೆ ಕಾರಣ ನೋಡಿ, ದಂಡ ಬಾಕಿ. ಹಾಗಾದ್ರೆ ದಂಡ ಕಟ್ಟಿದ್ರೆ ಕಡೀಬಹುದಾ? ಇಲ್ಲಿ ಕಳ್ಳತನ ಇಲ್ಲ, ಮಾಫಿಯಾ ಇಲ್ಲ, ಎಲ್ಲಾ ಪೇಪರ್ ಕ್ಲಿಯರ್ ಆಗಿಯೇ ಒಂದು ಲಕ್ಷದ ಹತ್ತಿರ ಮರ ಹೋಗೋ ಪ್ಲಾನ್.

ನೀನು ಓಡಿಸೋ ಬೈಕು, ಕಟ್ಟಿರೋ ಮನೆಯ ಸರಳು ಎಲ್ಲಿಂದ ಬಂತು ಅಂತ ಕೇಳ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ. ಗಣಿ ನಿಂತಾಗ ಲಾರಿಗೆ ಸಾಲ ಮಾಡಿದ ಹುಡುಗರು ಕಂತು ಕಟ್ಟೋಕಾಗ್ದೆ ಎಷ್ಟು ಕಷ್ಟ ಪಟ್ರು ಅಂತ ನಮ್ಮ ಮನೆಯವರೂ ಅನುಭವಿಸಿದ್ದಾರೆ, ಹಾಗಾಗಿ ನಾಳೆಯಿಂದ ಪೂರ್ತಿ ಬಂದ್ ಮಾಡಿ ಅಂತ ನಾನು ಹೇಳ್ತಿಲ್ಲ. ಹಳೇ ಮಿತಿಗೆ ವಾಪಸ್ ಬನ್ನಿ, ಇನ್ನೂ ಮುಟ್ಟದೇ ಇರೋ ಬೆಟ್ಟದ ನೆತ್ತಿಗಳನ್ನ ಬಿಟ್ಬಿಡಿ, ಹಿಂದೆ ಕಡಿಮೆ ಗ್ರೇಡ್ ಅಂತ ಗುಡ್ಡೆ ಹಾಕಿರೋ ಅದಿರನ್ನ ಮೊದಲು ಸಂಸ್ಕರಿಸಿ ಬಳಸಿ. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತಲೇ ಅದಿರು ಹರಾಜಿನ ದುಡ್ಡಿನ ಪಾಲು ಸಾವಿರಾರು ಕೋಟಿ ಕೂಡಿದೆ, ಕೆಎಂಇಆರ್‌ಸಿ ಅಂತ ನಿಗಮನೂ ಇದೆ. ಆ ದುಡ್ಡು ಕಟ್ಟಡ ಕಾಂಕ್ರೀಟ್‌ಗಿಂತ ಮುಂಚೆ ಹೂಳು ತುಂಬಿದ ಕೆರೆಗೆ, ಹಾಳಾದ ಹೊಲಕ್ಕೆ, ಧೂಳು ಕುಡಿದ ಜನರ ಶ್ವಾಸಕೋಶದ ತಪಾಸಣೆಗೆ ಹೋಗ್ಲಿ.

ಸಂಡೂರು, ಹೊಸಪೇಟೆ ಕಡೆಯ ಗೆಳೆಯರಿಗೆ ಒಂದು ಮಾತು. ಹೊಸ ಗಣಿ ಇರಲಿ, ಇರೋ ಗಣಿಯ ಉತ್ಪಾದನೆ ಹೆಚ್ಚಿಸೋದಿರಲಿ, ಸಾಮಾನ್ಯವಾಗಿ ಪರಿಸರ ಅಹವಾಲು ಸಭೆ ಮಾಡ್ಬೇಕು, ಕಡಿಮೆ ಅಂದ್ರೂ 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಕೊಡ್ಬೇಕು. ಪೇಪರ್‌ನ ಮೂಲೇಲಿ ಬರೋ ಆ ಜಾಹೀರಾತು ಕಂಡ್ರೆ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಸಭೆಗೆ ಹೋಗಿ ಕೆಲಸ ಎಷ್ಟು ಕೊಡ್ತೀರಿ ಅಂತ ಕೇಳೋದರ ಜೊತೆಗೆ, ಈ ಬೆಟ್ಟದಿಂದ ಯಾವ ಯಾವ ಹಳ್ಳಕ್ಕೆ ನೀರು ಇಳಿಯುತ್ತೆ, ಗಣಿ ಮುಗಿದ ಮೇಲೆ ಆ ನೀರು ಎಲ್ಲಿಂದ ಬರುತ್ತೆ ಅಂತಲೂ ಕೇಳಿ, ಉತ್ತರನ ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಕಾಪಿ ಇಸ್ಕೊಂಡು ಬನ್ನಿ.