ಗೋಡೆ ಮೇಲಿನ ಸರ್ಟಿಫಿಕೇಟಿನವರು ಎಲ್ಲಿದ್ದಾರೆ?

ಹೋದ ವರ್ಷ ಶ್ರಾವಣದಲ್ಲಿ ಒಬ್ಬ ಅಜ್ಜಿ ನಾನು ಕೆಲಸ ಮಾಡುವ ಮೆಡಿಕಲ್ ಶಾಪಿಗೆ ಬಂದರು. ದಾವಣಗೆರೆ ಪಕ್ಕದ ಹಳ್ಳಿಯವರು. "ಬಾಯೆಲ್ಲ ಹುಣ್ಣಾಗೈತವ್ವ, ಹಚ್ಚಿಕೊಳ್ಳಾಕ ಏನಾದ್ರೂ ಕೊಡು" ಅಂದರು. ಒಂದು ಟ್ಯೂಬ್ ಮುಲಾಮು ಕೊಟ್ಟು ಕಳಿಸಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅಜ್ಜಿಗೆ ಮಾತಾಡಲೂ ಕಷ್ಟ ಆಗುತ್ತಿತ್ತು. ನೀರು ನುಂಗಿದರೂ ಉರಿ ಅಂದರು. "ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ ಅಜ್ಜಿ?" ಎಂದು ಕೇಳಿದೆ. ಎಲೆಅಡಿಕೆ ಚೀಲದಿಂದ ಒಂದು ಕವರ್ ತೆಗೆದು ಕೊಟ್ಟರು.

ಒಳಗೆ ಮೆಥೋಟ್ರೆಕ್ಸೇಟ್ ಸ್ಟ್ರಿಪ್. ಕೈಕಾಲಿನ ಗಂಟು ಬಾತುಕೊಳ್ಳುವ ಸಂಧಿವಾತಕ್ಕೆ ಕೊಡುವ ಮಾತ್ರೆ. ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ದಿನಾ ತಗೊಂಡರೆ ಬಾಯಿ, ಗಂಟಲು ಹುಣ್ಣಾಗುತ್ತದೆ, ರಕ್ತದ ಬಿಳಿ ಕಣಗಳು ಕುಸಿಯುತ್ತವೆ, ಜೀವವೇ ಹೋಗಬಹುದು. ಕವರಿನ ಮೇಲೆ ಪೆನ್ನಿನಲ್ಲಿ ಬರೆದಿತ್ತು: 1-0-0. ಅಂದರೆ ದಿನಾ ಬೆಳಿಗ್ಗೆ ಒಂದು. ಅಜ್ಜಿ ಒಂಬತ್ತು ದಿನದಿಂದ ಹಾಗೇ ನುಂಗುತ್ತಿದ್ದರು. ಚೀಟಿ ತೋರಿಸಿ ಅಂದೆ. ಡಾಕ್ಟರು ವಾರಕ್ಕೊಮ್ಮೆ ಅಂತಲೇ ಬರೆದಿದ್ದರು. ಅಕ್ಷರ ಚೆನ್ನಾಗಿರಲಿಲ್ಲ, ಆದರೆ ಬರೆದಿದ್ದರು.

ಆವತ್ತೇ ಅವರ ಮಗನನ್ನು ಕರೆಸಿ ಆಸ್ಪತ್ರೆಗೆ ಕಳಿಸಿದೆ. ಮೆಥೋಟ್ರೆಕ್ಸೇಟ್ ಮಾಡುವ ಹಾನಿಯನ್ನು ತಡೆಯುವ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಹನ್ನೊಂದು ದಿನ ಅಲ್ಲಿದ್ದು ಅಜ್ಜಿ ಮನೆಗೆ ಹೋದರು. ಬದುಕಿದರು.

ಆ ಕವರಿನ ಮೇಲೆ 1-0-0 ಬರೆದವನು ಬೇರೊಂದು ಅಂಗಡಿಯ, ಇಪ್ಪತ್ತು ದಾಟದ ಹುಡುಗ. ಬಿ.ಪಿ. ಮಾತ್ರೆಗೆ, ಗ್ಯಾಸ್ ಮಾತ್ರೆಗೆ ಬರೆದು ಬರೆದು ಕೈಗೆ ಅದೇ ರೂಢಿ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಅಂಗಡಿಯ ಗೋಡೆ ಮೇಲೆ ಫ್ರೇಮ್ ಹಾಕಿದ ಒಂದು ಸರ್ಟಿಫಿಕೇಟ್ ಇದೆ, ಫಾರ್ಮಸಿಸ್ಟ್ ಅಂದರೆ ಔಷಧಿ ಕೊಡುವುದನ್ನೇ ಓದಿ ನೋಂದಣಿಯಾದವರದ್ದು. ಅದರ ಫೋಟೋದಲ್ಲಿರುವ ಹುಡುಗಿ ಮದುವೆಯಾಗಿ ಬೇರೆ ಜಿಲ್ಲೆಗೆ ಹೋಗಿ ವರ್ಷಗಳಾದವು. ತಿಂಗಳಿಗೊಮ್ಮೆ ಅವಳ ಅಕೌಂಟಿಗೆ ದುಡ್ಡು ಹೋಗುತ್ತದೆ, ಅಷ್ಟೇ. ಸಿಟ್ಟು ಬಂದಿದ್ದು ಇದಕ್ಕೆ.

ಸರ್ಟಿಫಿಕೇಟ್ ಬಾಡಿಗೆಗೆ ಕೊಡೋದು ಅಂತ ನಮ್ಮ ಕಡೆ ಇದಕ್ಕೆ ಹೆಸರು. ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ನಾನು 2008ರಲ್ಲಿ ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾ, ಮುಗಿಸಿದಾಗ ನನ್ನ ಮನೆಗೂ ಒಬ್ಬರು ಬಂದಿದ್ದರು. ತಿಂಗಳಿಗೆ 2,000 ರೂಪಾಯಿ. "ನೀವು ಬರೋದೇ ಬೇಡಮ್ಮ, ಇನ್ಸ್‌ಪೆಕ್ಟರ್ ಬಂದ ದಿನ ಫೋನ್ ಮಾಡ್ತೀವಿ, ಬಂದು ಕೂತರೆ ಸಾಕು" ಅಂದರು. ಅಪ್ಪನಿಗೆ ಸಂಕಟ. ಓದಿಸಲು ಮಾಡಿದ ಸಾಲ ಇನ್ನೂ ಇತ್ತು. ನಾನು ಒಲ್ಲೆ ಅಂದೆ. ನನಗೆ ಆ ಕೆಲಸ ಮಾಡುವ ಆಸೆ ಇತ್ತು, ಅದಕ್ಕೇ ಒಲ್ಲೆ ಅಂದೆ.

ಆ ಸರ್ಟಿಫಿಕೇಟ್ ಸುಮ್ನೆ ಬರುವುದಿಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿರಬೇಕು. ಆಮೇಲೆ ಎರಡು ವರ್ಷ ಡಿ.ಫಾರ್ಮ. ಅದರ ಮೇಲೆ 500 ಗಂಟೆ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ನಿಂತು ಕೆಲಸ ಕಲಿಯಬೇಕು. ಅದು ಮುಗಿದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗ ಮಾತ್ರ ರಿಜಿಸ್ಟರ್ಡ್ ಫಾರ್ಮಸಿಸ್ಟ್. ಬಿ.ಫಾರ್ಮ ಪದವಿ ಆದರೆ ನಾಲ್ಕು ವರ್ಷ. 2008ರಿಂದ ಫಾರ್ಮ್ ಡಿ ಅನ್ನುವ ಆರು ವರ್ಷದ ಕೋರ್ಸೂ ಬಂದಿದೆ, ಅದರ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲೇ.

ಕಾನೂನೂ ಗಟ್ಟಿಯಾಗಿಯೇ ಇದೆ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ಡಾಕ್ಟರ ಚೀಟಿಗೆ ಔಷಧಿ ಕೊಡಬೇಕಾದವರು ರಿಜಿಸ್ಟರ್ಡ್ ಫಾರ್ಮಸಿಸ್ಟ್. ತಪ್ಪಿದರೆ ದಂಡ ಮೊದಲು ಬರೀ 1,000 ರೂಪಾಯಿವರೆಗೆ ಇತ್ತು. 2023ರ ತಿದ್ದುಪಡಿಯಲ್ಲಿ ಅದು 2 ಲಕ್ಷದವರೆಗೆ ಏರಿತು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಫಾರ್ಮಸಿಸ್ಟ್ ಬಿಳಿ ಕೋಟು ಹಾಕಿರಬೇಕು, ಅದರ ಮೇಲೆ ಹೆಸರು, ನೋಂದಣಿ ಸಂಖ್ಯೆ ಇರುವ ಬ್ಯಾಡ್ಜ್ ಇರಬೇಕು. ಔಷಧಿಯನ್ನು ಹೇಗೆ ತಗೊಳ್ಳಬೇಕು ಎಂದು ಬಂದವರಿಗೆ ತಿಳಿಸಿ ಹೇಳಬೇಕು. ನೀವು ಕೊನೆಯ ಸಲ ಮೆಡಿಕಲ್ ಶಾಪಿನಲ್ಲಿ ಬ್ಯಾಡ್ಜ್ ನೋಡಿದ್ದು ಯಾವಾಗ? ನೆನಪು ಮಾಡಿಕೊಳ್ಳಿ.

"ಚೀಟಿ ನೋಡಿ ಮಾತ್ರೆ ಎತ್ತಿ ಕೊಡೋಕೆ ಓದು ಯಾಕೆ ಬೇಕು?" ಅಂತ ನನ್ನ ನೆಂಟರೇ ಕೇಳಿದ್ದಾರೆ. ಅವರಿಗೆ ನಾನು ಮಕ್ಕಳ ಜ್ವರದ ಔಷಧಿಯ ಉದಾಹರಣೆ ಕೊಡುತ್ತೇನೆ. ಪ್ಯಾರಸಿಟಮಾಲ್ ಒಂದೇ. ಆದರೆ ಹಸುಗೂಸಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಎಂ.ಜಿ. ಇರುತ್ತದೆ. ಸಿರಪ್‌ನಲ್ಲಿ 5 ಎಂ.ಎಲ್.ಗೆ 120 ಅಥವಾ 125. ದೊಡ್ಡ ಮಕ್ಕಳ ಸಿರಪ್‌ನಲ್ಲಿ 5 ಎಂ.ಎಲ್.ಗೆ 250. ಹನಿ ಹನಿಯಾಗಿ ಕೊಡುವುದು, ಹಾಗಾಗಿ ಡ್ರಾಪ್ಸ್ ಅಂದರೆ ಕಡಿಮೆ ಪವರ್ ಅಂತ ತುಂಬಾ ತಾಯಂದಿರು ತಿಳಿದಿರುತ್ತಾರೆ. ನಿಜ ಪೂರ್ತಿ ಉಲ್ಟಾ. ಸಿರಪ್ ಬರೆದ ಕಡೆ ಡ್ರಾಪ್ಸ್ ಕೊಟ್ಟು "ಒಂದು ಚಮಚ ಹಾಕಿ" ಅಂದರೆ ಆ ಕೂಸಿನ ಹೊಟ್ಟೆಗೆ ಹೋಗುವುದು 500 ಎಂ.ಜಿ., ದೊಡ್ಡವರ ಒಂದು ಮಾತ್ರೆ! ಮೂರು ಹೊತ್ತೂ ಹಾಗೆ ಕೊಟ್ಟರೆ ಆ ಪುಟ್ಟ ಲಿವರ್ ಗತಿ ಏನು? ನಮ್ಮ ಅಂಗಡಿಯಲ್ಲಿ ನಾನು ಬಾಟಲಿ ಕೊಡುವಾಗ ಫಿಲ್ಲರ್ (ಹನಿ ಹಾಕುವ ನಳಿಗೆ) ತೆಗೆದು, ಎಲ್ಲಿವರೆಗೆ ತುಂಬಬೇಕೋ ಆ ಗೆರೆಗೆ ಪೆನ್ನಿನಿಂದ ಗುರುತು ಹಾಕಿ ಕೊಡುತ್ತೇನೆ. ಹಿಂದೆ ಕಂಪೌಂಡರುಗಳು ಮಿಕ್ಸ್ಚರ್ ಬಾಟಲಿಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದರಲ್ಲ, ಒಂದು ಹಲ್ಲು ಒಂದು ಹೊತ್ತಿಗೆ ಅಂತ. ಓದು ಬಾರದವರಿಗೂ ಅರ್ಥ ಆಗುತ್ತಿತ್ತು.

ಥೈರಾಯ್ಡ್ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿಯುವವರಿಗೆ, ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ತಾವೇ ಕೇಳಿ ತಗೊಳ್ಳುವವರಿಗೆ ಇಂಥದ್ದೇ ಎರಡು ಮಾತು ಬೇಕು. ಡಾಕ್ಟರ ಹತ್ತಿರ ಕೇಳಲು ಹೆದರುವವರೂ ನಮ್ಮನ್ನು ಕೇಳುತ್ತಾರೆ.

ಈಗ ಆ ಹುಡುಗರ ವಿಷಯ. ನಮ್ಮ ಅಂಗಡಿಯಲ್ಲೂ ಒಬ್ಬ ಇದ್ದಾನೆ. ಹನ್ನೊಂದು ವರ್ಷದಿಂದ ಇದ್ದಾನೆ. ಯಾವ ಮಾತ್ರೆ ಯಾವ ರ‍್ಯಾಕಿನಲ್ಲಿದೆ, ಯಾವುದರ ಎಕ್ಸ್‌ಪೈರಿ ಹತ್ತಿರ ಬಂತು, ಯಾವ ಇನ್ಸುಲಿನ್ ಫ್ರಿಜ್ಜಿನ ಎಲ್ಲಿರಬೇಕು, ಎಲ್ಲ ಗೊತ್ತು. ಕೆಲವು ಡಾಕ್ಟರ ಅಕ್ಷರ ನನಗಿಂತ ಚೆನ್ನಾಗಿ ಓದುತ್ತಾನೆ. ಆದರೆ ಅವನು ಪಿಯುಸಿಯಲ್ಲಿ ಆರ್ಟ್ಸ್ ಓದಿದವನು. ಹಾಗಾಗಿ ಡಿ.ಫಾರ್ಮ ಬಾಗಿಲು ಅವನಿಗೆ ಮುಚ್ಚಿದೆ. ನಮ್ಮ ಕಾಯ್ದೆಯಲ್ಲಿ ಫಾರ್ಮಸಿಸ್ಟ್‌ಗೆ ಜಾಗ ಇದೆ. ಅವರ ಕೈಕೆಳಗೆ ಕೆಲಸ ಮಾಡುವ ಟೆಕ್ನಿಷಿಯನ್‌ಗೆ ನೋಂದಣಿ ಇಲ್ಲ, ಕಡ್ಡಾಯ ತರಬೇತಿ ಇಲ್ಲ. ದೇಶದ ಎಷ್ಟೋ ಕೌಂಟರುಗಳನ್ನು ನಡೆಸುತ್ತಿರುವವರು ಕಾನೂನಿನ ಲೆಕ್ಕದಲ್ಲೇ ಇಲ್ಲ.

ಬ್ರಿಟನ್ನಿನಲ್ಲಿ 2011ರಿಂದ ಫಾರ್ಮಸಿ ಟೆಕ್ನಿಷಿಯನ್ನರೂ ಕಡ್ಡಾಯವಾಗಿ ನೋಂದಾಯಿಸಿಕೊಳ್ಳಬೇಕು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಆದರೂ ಅಲ್ಲಿ ಹೆಚ್ಚಿನ ಕಡೆ ಟೆಕ್ನಿಷಿಯನ್ ಅಂದರೆ ಯಾರು, ಏನು ಮಾಡಬಹುದು ಎಂದು ಸ್ಪಷ್ಟವಾಗಿದೆ. ಮಾತ್ರೆ ಎಣಿಸಿ, ಲೇಬಲ್ ಹಾಕುವುದು ಅವರು. ಕೊನೆಗೆ ಪರೀಕ್ಷಿಸಿ, ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್. ನನ್ನ ಗೆಳತಿಯೊಬ್ಬಳು ಇಲ್ಲಿ ಬಿ.ಫಾರ್ಮ ಮುಗಿಸಿ ಮದುವೆಯಾಗಿ ಅಲ್ಲಿಗೆ ಹೋದಳು. 2003ರ ನಂತರ ಪದವಿ ಪಡೆದ ಹೊರದೇಶದವರು ಐದು ವರ್ಷದ ಕೋರ್ಸ್ ಓದಿರಬೇಕು ಅನ್ನುವುದು ಅಲ್ಲಿನ ನಿಯಮ. ನಮ್ಮ ನಾಲ್ಕು ವರ್ಷ ಸಾಲದು. ಅವಳು ಅಲ್ಲಿ ಟೆಕ್ನಿಷಿಯನ್ ಆಗಿದ್ದಾಳೆ. ಮೊದಲು ಅತ್ತಿದ್ದಳು. ಈಗ ಹೇಳುತ್ತಾಳೆ, "ನನ್ನ ಕೆಲಸಕ್ಕೆ ಒಂದು ಹೆಸರಿದೆ ಕಣೇ, ಮರ್ಯಾದೆ ಇದೆ" ಅಂತ.

ನಮ್ಮಲ್ಲೂ ಇಂಥ ದಾರಿ ಒಮ್ಮೆ ಇತ್ತು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. 1948ರ ಕಾಯ್ದೆ ಬಂದಾಗ, ಮೊದಲ ರಿಜಿಸ್ಟರ್‌ಗೆ ಓದಿದವರನ್ನಷ್ಟೇ ಸೇರಿಸಲಿಲ್ಲ. ಆಸ್ಪತ್ರೆ, ಡಿಸ್ಪೆನ್ಸರಿಗಳಲ್ಲಿ ಐದು ವರ್ಷ ಔಷಧಿ ಬೆರೆಸಿ ಅನುಭವ ಇದ್ದವರಿಗೂ ಅವಕಾಶ ಕೊಟ್ಟಿದ್ದರು. ಕೈಯಿಂದ ಕಲಿತವರ ಕೆಲಸಕ್ಕೂ ಬೆಲೆ ಇದೆ ಎಂದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಹನ್ನೊಂದು ವರ್ಷ ನಿಂತ ಹುಡುಗನನ್ನು ನಾಳೆಯೇ ಫಾರ್ಮಸಿಸ್ಟ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪು. ಅವನಿಗೆ ಆರು ತಿಂಗಳೋ ವರ್ಷವೋ ಸರಿಯಾದ ತರಬೇತಿ ಕೊಡಿ, ಪರೀಕ್ಷೆ ಇಡಿ, ಟೆಕ್ನಿಷಿಯನ್ ಅಂತ ನೋಂದಾಯಿಸಿ. ಎಲ್ಲಿ ತಾನು ನಿಲ್ಲಬೇಕು, ಎಲ್ಲಿ ಫಾರ್ಮಸಿಸ್ಟನ್ನು ಕರೆಯಬೇಕು ಎಂದು ಅವನಿಗೆ ಕಲಿಸಿ.

ಅಂಗಡಿ ಮಾಲೀಕರ ಕಷ್ಟವೂ ಸುಳ್ಳಲ್ಲ. ಬೆಳಿಗ್ಗೆ ಎಂಟಕ್ಕೆ ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ಅಂಗಡಿಗೆ ಒಬ್ಬ ಫಾರ್ಮಸಿಸ್ಟ್ ಸಾಲುವುದಿಲ್ಲ. ಹೋಬಳಿಯ ಸಣ್ಣ ಅಂಗಡಿಗೆ ಇಬ್ಬರಿಗೆ ಸಂಬಳ ಕೊಡುವಷ್ಟು ವ್ಯಾಪಾರ ಇರುವುದಿಲ್ಲ. ನಾನು ಇದಕ್ಕೆ ಬಹಳ ಯೋಚನೆ ಮಾಡಿದ್ದೇನೆ. ಫಾರ್ಮಸಿಸ್ಟ್ ಇಲ್ಲದ ಹೊತ್ತಿನಲ್ಲಿ ಚೀಟಿ ಔಷಧಿ ಮಾರದೆ, ಓ.ಆರ್.ಎಸ್., ಬ್ಯಾಂಡೇಜ್, ಸೋಪಿನಂಥವು ಮಾತ್ರ ಮಾರಿದರೆ ಏನಾಗುತ್ತದೆ? ಸ್ವಲ್ಪ ವ್ಯಾಪಾರ ಹೋಗುತ್ತದೆ, ನಿಜ. ಆ ಹೊತ್ತನ್ನು ಬಾಗಿಲ ಮೇಲೆ ಬರೆದು ಹಾಕಿ, ಜನ ರೂಢಿಯಾಗುತ್ತಾರೆ. ಬಾಡಿಗೆಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿ ಅದೇ ಹುಡುಗಿಯನ್ನು ದಿನಕ್ಕೆ ಆರು ಗಂಟೆ ಕೌಂಟರಿಗೆ ಕರೆಸಿ. ಓದಿದ ಎಷ್ಟೋ ಹೆಣ್ಣುಮಕ್ಕಳು ಆರು ಗಂಟೆಯ ಕೆಲಸ ಸಿಕ್ಕರೆ ಸಂತೋಷದಿಂದ ಬರುತ್ತಾರೆ. ನನಗೇ ಇಬ್ಬರು ಗೊತ್ತು.

ಸರ್ಟಿಫಿಕೇಟ್ ಕೊಟ್ಟು ಮನೆಯಲ್ಲಿರುವ ನನ್ನ ಗೆಳತಿಯರಿಗೂ ಒಂದು ಮಾತು. ನಿಮ್ಮ ಹೆಸರಿನ ಕೆಳಗೆ ಯಾರೋ 1-0-0 ಬರೆಯುತ್ತಿದ್ದಾರೆ. ವಾಪಸ್ ತಗೊಳ್ಳಿ, ಇಲ್ಲ ಹೋಗಿ ನಿಂತುಕೊಳ್ಳಿ. ಓದುತ್ತಿರುವ ಉಳಿದವರು ಮುಂದಿನ ಸಲ ಮಾತ್ರೆ ತರಲು ಹೋದಾಗ ಗೋಡೆ ನೋಡಿ, ಆಮೇಲೆ ಕೌಂಟರ್ ನೋಡಿ. "ಫಾರ್ಮಸಿಸ್ಟ್ ಇದ್ದಾರಾ?" ಎಂದು ಕೇಳಿ.

ಆ ಅಜ್ಜಿ ಈಗ ತಿಂಗಳಿಗೊಮ್ಮೆ ನಮ್ಮಲ್ಲೇ ಬರುತ್ತಾರೆ. ಮೆಥೋಟ್ರೆಕ್ಸೇಟ್ ಸ್ಟ್ರಿಪ್ ಪೂರ್ತಿ ಕೊಡುವುದಿಲ್ಲ, ನಾಲ್ಕು ವಾರಕ್ಕೆ ಎಷ್ಟೋ ಅಷ್ಟೇ. ಅವರಿಗೆ ಓದು ಬರುವುದಿಲ್ಲ. ಅದಕ್ಕೆ ನಮ್ಮ ಹುಡುಗ ಒಂದು ಉಪಾಯ ಮಾಡಿದ್ದಾನೆ. ಅವರ ಊರಿನ ಸಂತೆ ಗುರುವಾರ. ಕವರಿನ ಮೇಲೆ ಒಂದು ಸಂತೆ ಚೀಲದ ಚಿತ್ರ ಬರೆದು ಕೊಡುತ್ತಾನೆ. ಕೊಡುವ ಮೊದಲು ನನಗೆ ತೋರಿಸುತ್ತಾನೆ, "ಅಕ್ಕಾ, ಒಂದ್ಸಲ ನೋಡಿ" ಅಂತ.